ಮೀಸೆ ತೆಗೆಯುವ ದೃಶ್ಯ

ಹೊಸಕೋಟೆ
12 ಆಗಸ್ಟ್ 2024

ಅನುಗೊಂಡನಹಳ್ಳಿಯ ನಾಟಕ ಸಾರ್ವಭೌಮ ಮೂರ್ತಿಗೆ,

ಸಮಸ್ತ ನಾಡಿನ ಗಮನಕ್ಕೆ ತರುವುದೇನೆಂದರೆ, ಇಂದು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷದ ಶುಭ ಮುಹೂರ್ತದಲ್ಲಿ ನನ್ನ ಪೆನ್ನಿಗೆ ಹೊಸ ರೀಫಿಲ್ ಹಾಕಲಾಯಿತು. ಹಳೆಯ ರೀಫಿಲ್ ಹನ್ನೊಂದು ವಾರ ನನ್ನ ಅಂಕಣಕ್ಕೆ ಸೇವೆ ಸಲ್ಲಿಸಿ ನಿವೃತ್ತಿ ಹೊಂದಿದೆ. ಹೊಸದರ ಉದ್ಘಾಟನೆಯನ್ನು ಯಾವುದಾದರೂ ಘನವಾದ ವಿಷಯದಿಂದ ಮಾಡಬೇಕೆಂದಿದ್ದೆ. ಆಗಲಿಲ್ಲ. ನಿನಗೆ ಬರೆಯಬೇಕಾಗಿ ಬಂತು.

ನಿಮ್ಮೂರಿನ ಮಮತ ಬಂದಿದ್ದಳು. ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟ್ ಮುಗಿಸಿ, ಯೂನಿಫಾರ್ಮಿನಲ್ಲೇ ನನ್ನ ಬಾಗಿಲಲ್ಲಿ ನಿಂತು, ನಿಮ್ಮ ಮಂಡಳಿಯವರು ನನ್ನ ಹೊಸ ಹಾಸ್ಯ ನಾಟಕ ‘ಪಣಕ್ಕಿಟ್ಟ ಮೀಸೆ’ಯನ್ನು ನವೆಂಬರಿನಲ್ಲಿ ಆಡುತ್ತಾರೆ ಎಂದಳು. ಕೇಳಿ ನಕ್ಕೆ. ಆ ನಾಟಕಕ್ಕೆ ಈವರೆಗೆ ಸಿಕ್ಕಿರುವ ನಗು ಅದೊಂದೇ.

ಮೂವತ್ತು ವರ್ಷದಿಂದ ಕಿರೀಟವಿಲ್ಲದೆ ರಂಗಕ್ಕೆ ಬಂದು ಗೊತ್ತಿಲ್ಲದವರು ನೀವು. ನಿಮ್ಮ ರಾಜರು ಬರುವಾಗ ಒಂದು ಹಾಡು, ಹೋಗುವಾಗ ಒಂದು ಹಾಡು, ಸತ್ತ ಮೇಲೆ ಜನ ‘ಒನ್ಸ್ ಮೋರ್’ ಎಂದರೆ ಎದ್ದು ಕೂತು ಇನ್ನೊಂದು ಹಾಡು. ಯುದ್ಧದ ನಡುವೆ ನಿನ್ನ ಭಾವಮೈದುನ ಮೆಟ್ಟಿಲು ಹತ್ತಿ ಬಂದು, ಹಾರ ಹಾಕಿ, ಫೋಟೋ ತೆಗೆಸಿಕೊಂಡು ಇಳಿಯುವವರೆಗೆ ಶತ್ರು ಬಾಣ ಹಿಡಿದು ಮರ್ಯಾದೆಯಿಂದ ಕಾಯುತ್ತಾನೆ. ಇಂಥವರ ಕೈಗೆ ಹಾಸ್ಯ ಕೊಡುವುದೂ ಒಂದೇ, ಎಮ್ಮೆಗೆ ಕನ್ನಡಕ ಹಾಕುವುದೂ ಒಂದೇ.

ನನ್ನ ನಾಟಕ ಸರಳವಾದದ್ದು. ಒಬ್ಬ ಜಂಬದ ಪಟೇಲ. ಒಂದು ದಿನವಿಡೀ ಸುಳ್ಳು ಹೇಳದೆ ಇರುತ್ತೇನೆಂದು ಹೆಂಡತಿಯೊಡನೆ ಮೀಸೆಯನ್ನೇ ಪಣ ಕಟ್ಟುತ್ತಾನೆ, ಸಂಜೆಯೊಳಗೆ ಸೋಲುತ್ತಾನೆ. ಕೊನೆಯ ದೃಶ್ಯದಲ್ಲಿ ಹೆಂಡತಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಮೀಸೆ ಬೋಳಿಸುತ್ತಾಳೆ.

ಕೊಡುತ್ತೇನೆ, ಆಡಿ. ಷರತ್ತು ಒಂದೇ. ಪಟೇಲ ನೀನೇ ಆಗಬೇಕು, ಮೀಸೆ ನಿನ್ನದೇ ಆಗಬೇಕು, ಜನರ ಕಣ್ಣೆದುರಿಗೆ ಅದು ನಿಜವಾಗಿ ಹೋಗಬೇಕು. ಅಂಟಿಸಿದ ಮೀಸೆಗೆ ನನ್ನ ನಾಟಕ ಇಲ್ಲ.

ನಿನ್ನ ನಂಬರನ್ನು ನನ್ನ ಫೋನಿನಲ್ಲಿ ಬ್ಲಾಕ್ ಮಾಡಿ ಒಂಬತ್ತು ವರ್ಷವಾಯಿತು. ಕಾರಣ ನಿನಗೆ ಗೊತ್ತು. ಉತ್ತರ ಅಂಚೆಯಲ್ಲಿ ಬರಲಿ.

ಒಂದು ಕಾಲದ ಸಹಪಾಠಿ,
ವೇಣುಗೋಪಾಲ್


ಅನುಗೊಂಡನಹಳ್ಳಿ
21 ಆಗಸ್ಟ್ 2024

ಮಹಾಸಾಹಿತಿ ವೇಣುಗೋಪಾಲನಿಗೆ,

ರೀಫಿಲ್ ಸುದ್ದಿಯನ್ನು ಡೇರಿಯ ಮುಂದೆ ಕ್ಯಾನ್ ಹಿಡಿದು ನಿಂತವರಿಗೆಲ್ಲ ಓದಿ ಹೇಳಿದೆ. ಬಹಳ ಸಂತೋಷಪಟ್ಟರು. ಹಳೇ ರೀಫಿಲ್‌ನಲ್ಲಿ ಬರೆದದ್ದನ್ನು ಯಾರಾದರೂ ಓದಿದ್ದೀರಾ ಎಂದು ಕೇಳಿದೆ. ಒಬ್ಬರೂ ಕೈ ಎತ್ತಲಿಲ್ಲ. ಎಲ್ಲರ ಕೈಯಲ್ಲೂ ಕ್ಯಾನ್ ಇತ್ತು ಅಂತ ಇಟ್ಟುಕೋ.

ನಾವು ಹಾಸ್ಯಕ್ಕೆ ಇಳಿದದ್ದು ನಿನ್ನ ಪ್ರತಿಭೆಗೆ ಮರುಳಾಗಿ ಅಲ್ಲ. ಅಪ್ಪನಿಗೋಸ್ಕರ. ಚಿಕ್ಕಬೀರಪ್ಪನಿಗೆ ಈಗ ಎಂಬತ್ತೇಳು, ಎದೆ ಸರಿಯಿಲ್ಲ. ನನ್ನ ಒಂದು ನಾಟಕವನ್ನೂ ತಪ್ಪಿಸಿದವನಲ್ಲ. ಈಗ ಬೆಳಗಿನ ತನಕ ಕೂರಲು ಆಗುವುದಿಲ್ಲ. ಯುಗಾದಿಯ ದಿನ ನನ್ನನ್ನು ಕರೆದು, “ಎರಡು ಗಂಟೇಲಿ ಮುಗಿಯೋ ಅಂಥದ್ದು, ನಗೋ ಅಂಥದ್ದು ಒಂದು ಆಡ್ಲಾ. ನೋಡ್ಬಿಟ್ಟು ಹೋಗ್ತೀನಿ” ಅಂದ. ಎರಡು ಗಂಟೆಯಲ್ಲಿ ಮುಗಿಯುವಂಥದ್ದು ಈ ತಾಲ್ಲೂಕಿನಲ್ಲಿ ಬರೆದವನು ನೀನೊಬ್ಬನೇ ಸಿಕ್ಕಿದೆ. ನಮ್ಮ ಹಣೆಬರಹ.

ಆದರೆ ಆ ಷರತ್ತು ಬರೆಯುವಾಗ ನಿನ್ನ ತಲೆಯಲ್ಲಿ ಏನಿತ್ತೆಂದು ನನಗೆ ಗೊತ್ತು ಕಣೋ. ಅಪ್ಪ ಬದುಕಿರುವಾಗ ಯಾವ ಮಗ ಮೀಸೆ ತೆಗೆಯುತ್ತಾನೆ? ಅಪ್ಪನನ್ನು ಮಣ್ಣು ಮಾಡುವ ದಿನ ತೆಗೆಯುವುದು ಅದು. ಪಿಲ್ಲಗುಂಪೆಗೆ ಕೆಲಸಕ್ಕೆ ಹೋಗುವ ಹುಡುಗರು ವಾರಕ್ಕೊಮ್ಮೆ ತೆಗೆಯುತ್ತಾರೆ, ಅವರ ಮುಖದ ಮೇಲೆ ಇದ್ದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ನನ್ನದು ಹಾಗಲ್ಲ. ನಾನು ತೆಗೆದರೆ ಮಾಲೂರಿನ ತನಕ ಇರುವ ನೆಂಟರು ಹಾರ ಹಿಡಿದು ಹೊರಟುಬಿಡುತ್ತಾರೆ.

ನಮ್ಮ ಹಾರ್ಮೋನಿಯಂ ಮೇಷ್ಟ್ರು ಪಿಳ್ಳಣ್ಣ ಒಂದು ಉಪಾಯ ಹೇಳಿದ್ದಾನೆ. ಮೀಸೆಯ ಮೇಲೆ ಮೈಬಣ್ಣದ ಮೈದಾ ಮೆತ್ತಿದರೆ ದೂರಕ್ಕೆ ಬೋಳಾಗಿ ಕಾಣುತ್ತದಂತೆ. ಒಪ್ಪಿಕೋ.

ಇಂತಿ,
ಮೂರ್ತಿ


ಹೊಸಕೋಟೆ
3 ಸೆಪ್ಟೆಂಬರ್ 2024

ಮೂರ್ತಿಗೆ,

ಮೈದಾ ಮೆತ್ತಿದ ಮೀಸೆ ಮೀಸೆಯಲ್ಲ, ಒಬ್ಬಟ್ಟು. ಪಿಳ್ಳಣ್ಣನಿಗೆ ನನ್ನ ಗೌರವಗಳನ್ನು ತಿಳಿಸು, ಅವನನ್ನು ಹಾರ್ಮೋನಿಯಂ ಸಮೇತ ಮದುವೆ ಛತ್ರದ ಅಡುಗೆ ಮನೆಗೆ ಸೇರಿಸು.

ಷರತ್ತಿನಲ್ಲಿ ಬದಲಾವಣೆಯಿಲ್ಲ. ನನ್ನ ತಲೆಯಲ್ಲಿ ಏನಿತ್ತೆಂದು ಗೊತ್ತು ಎಂದೆಯಲ್ಲ, ಗೊತ್ತಿದ್ದರೆ ಒಂಬತ್ತು ವರ್ಷ ಸುಮ್ಮನಿರುತ್ತಿರಲಿಲ್ಲ. ಆದ್ದರಿಂದ ಬರೆದೇ ಬಿಡುತ್ತೇನೆ. ನಮ್ಮಪ್ಪ ತೀರಿಕೊಂಡ ಮಾರನೆಯ ಬೆಳಿಗ್ಗೆ. ಹೆಣ ಅಂಗಳದಲ್ಲಿತ್ತು, ಹೆಂಗಸರು ಸುತ್ತ ಕೂತು ಅಳುತ್ತಿದ್ದರು. ಆಗಷ್ಟೇ ನನ್ನ ತಲೆ ಮೀಸೆ ಬೋಳಿಸಿ ಮೂಲೆಯಲ್ಲಿ ಕೂರಿಸಿದ್ದರು. ಒಂದು ಟೆಂಪೊ ಬಂದು ನಿಂತಿತು. ಅದರಿಂದ ನೀನಿಳಿದೆ. ತಲೆಯ ಮೇಲೆ ಕಿರೀಟ, ಭುಜದ ಮೇಲೆ ಭುಜಕೀರ್ತಿ, ಕೆನ್ನೆಗೆ ಕೆಂಪು, ಕೈಯಲ್ಲಿ ಗದೆ. ಮಕ್ಕಳು ನಕ್ಕರು. ಆಮೇಲೆ ಅಳುತ್ತಿದ್ದ ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡರು. ಹೊರಲು ಬಂದವರು ಚಟ್ಟವನ್ನು ಕೆಳಗಿಟ್ಟು ಗೋಡೆಗೆ ಮುಖ ಮಾಡಿದರು. ಬದುಕಿದ್ದಾಗ ನಮ್ಮಪ್ಪನ ಮುಂದೆ ಹಲ್ಲು ಬಿಡಲು ಊರು ಹೆದರುತ್ತಿತ್ತು. ಅವನನ್ನು ಆ ಊರು ನಗುನಗುತ್ತಾ ಕಳಿಸುವಂತೆ ಮಾಡಿದವನು ನೀನು.

ಅಂದು ತೆಗೆದ ಮೀಸೆಯನ್ನು ನಾನು ಮತ್ತೆ ಬಿಡಲಿಲ್ಲ. ಒಂದು ದಿನವಾದರೂ ನೀನೂ ಬೋಳು ಮುಖದಲ್ಲಿ ಜನರ ಮುಂದೆ ಕೂರು.

ವೇಣುಗೋಪಾಲ್


ಅನುಗೊಂಡನಹಳ್ಳಿ
30 ಸೆಪ್ಟೆಂಬರ್ 2024

ವೇಣುಗೋಪಾಲನಿಗೆ,

ನಾಲ್ಕು ವಾರ ಉತ್ತರ ಬರೆಯಲಿಲ್ಲ. ಪ್ರಾಕ್ಟೀಸ್ ನಡೆಯುತ್ತಿತ್ತು. ಕೊನೆಯ ದೃಶ್ಯ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹೈಸ್ಕೂಲಿನ ವರಾಂಡದಲ್ಲಿ ದಿನಾ ಸಂಜೆ ಮಾಡುತ್ತಿದ್ದೇವೆ. ನಿನ್ನ ನಾಟಕದಲ್ಲಿ ಟೀ ತರುವವನಿಗೆ ಇರುವುದು ಒಂದೇ ಮಾತು. ಬೈರೇಶನಿಗೆ ಕೊಟ್ಟಿದ್ದೇವೆ. ಹದಿನಾಲ್ಕು ವರ್ಷ ಸೇನಾಪತಿಯ ಪಾತ್ರ ಮಾಡಿದವನು. ಎಡಗಾಲು ಮುಂದಿಟ್ಟು, ಎದೆ ಉಬ್ಬಿಸಿ, “ಟೀ, ಅಣ್ಣಾ” ಎಂದರೆ ಬೀದಿಯಲ್ಲಿ ಮಲಗಿದ ನಾಯಿಗಳು ಏಳುತ್ತವೆ. ಮಮತ ನಿನ್ನ ಪಟೇಲನ ಹೆಂಡತಿ. ಅವಳಿಗೊಬ್ಬಳಿಗೇ ಹಾಸ್ಯ ಬರುವುದು, ಅದೂ ನಿನ್ನ ಪುಸ್ತಕದಲ್ಲಿ ಇಲ್ಲದ್ದು. “ಅಣ್ಣಾ, ಟೀ ಕೊಡೋಕ್ ಬಂದಿದ್ಯೋ, ಯುದ್ಧ ಸಾರೋಕ್ ಬಂದಿದ್ಯೋ?” ಅಂದಳು. ಬೈರೇಶ ಎರಡು ದಿನ ಪ್ರಾಕ್ಟೀಸಿಗೆ ಬರಲಿಲ್ಲ.

ಇನ್ನು ಆ ಟೆಂಪೊ ವಿಷಯ. ಬೆಳಗಿನ ಜಾವ ರಂಗದಿಂದ ಇಳಿಯುವಾಗ ಸುದ್ದಿ ಬಂತು. ಎಂಟು ಗಂಟೆಗೆಲ್ಲ ಎತ್ತುತ್ತಾರೆ ಅಂದರು. ಮುಖದ ಬಣ್ಣವನ್ನು ಕೊಬ್ಬರಿ ಎಣ್ಣೆ ಹಚ್ಚಿ ತೆಗೆಯಲು ಮುಕ್ಕಾಲು ಗಂಟೆ ಬೇಕು. ನನ್ನ ಮುಖ ತೊಳೆಯುತ್ತಾ ಕೂರಲೋ, ನಿಮ್ಮಪ್ಪನ ಮುಖ ನೋಡಲೋ? ನಾವು ಓದುವಾಗ ಅವನು ನನಗೂ ಎರಡು ವರ್ಷ ಅನ್ನ ಹಾಕಿದವನು. ಗದೆ ಕೈಯಲ್ಲಿದೆ ಎಂದು ನನಗೆ ತಿಳಿದದ್ದು ಟೆಂಪೊ ಇಳಿದ ಮೇಲೆ.

ಇದಿಷ್ಟನ್ನು ಹೇಳಲು ಮಾರನೇ ದಿನವೇ ಫೋನು ಮಾಡಿದ್ದೆ. ನೀನು ಎತ್ತಬೇಕಿತ್ತು.

ಮೂರ್ತಿ


ಹೊಸಕೋಟೆ
19 ಅಕ್ಟೋಬರ್ 2024

ಮೂರ್ತಿಗೆ,

ಹಳೇ ಮದ್ರಾಸ್ ರಸ್ತೆಯಲ್ಲಿ ನಿಮ್ಮ ಫ್ಲೆಕ್ಸ್ ನೋಡುವ ಭಾಗ್ಯ ಒದಗಿತು. ಒಟ್ಟು ಮೂವತ್ತೊಂದು ಮುಖಗಳಿವೆ. ನನ್ನ ನಾಟಕದಲ್ಲಿ ಇರುವುದು ಆರು ಪಾತ್ರ. ಮಿಕ್ಕ ಇಪ್ಪತ್ತೈದು ಮಂದಿ ಶುಭ ಕೋರುವವರು, ಎಲ್ಲರೂ ಕಪ್ಪು ಕನ್ನಡಕ ಹಾಕಿ ಫೋನಿನಲ್ಲಿ ಮಾತಾಡುತ್ತಿದ್ದಾರೆ. ನಾಟಕಕಾರನ ಹೆಸರು ಶಾಮಿಯಾನದವನ ಹೆಸರಿನ ಕೆಳಗೆ, ಅವನ ಫೋನ್ ನಂಬರಿಗಿಂತ ಸಣ್ಣ ಅಕ್ಷರದಲ್ಲಿದೆ. ನಡುವೆ ನೀನು, ನಿನ್ನ ಮೀಸೆ ಎರಡೂ ಕಡೆ ಚೌಕಟ್ಟು ದಾಟಿ ಹೋಗಿದೆ. ಅದನ್ನು ಬೋಳಿಸುವ ನಾಟಕಕ್ಕೆ ಅದಕ್ಕಿಂತ ದೊಡ್ಡ ಸುಳ್ಳು ಜಾಹೀರಾತು ಇಲ್ಲ.

ಕೊಬ್ಬರಿ ಎಣ್ಣೆಗೆ ಮುಕ್ಕಾಲು ಗಂಟೆ ಬೇಕಾಗುವುದಿಲ್ಲ, ಅರ್ಧ ಗಂಟೆ ಸಾಕು. ಆದರೂ.

ವೇಣುಗೋಪಾಲ್


ಅನುಗೊಂಡನಹಳ್ಳಿ
12 ನವೆಂಬರ್ 2024

ವೇಣುಗೆ,

ದೀಪಾವಳಿಯ ಹೊತ್ತಿಗೆ ಅಪ್ಪನಿಗೆ ಉಸಿರು ಕಟ್ಟಿ, ಹೊಸಕೋಟೆಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡಿದ್ದರು. ಮೂರನೆಯ ದಿನ ನಾನು ಟೀ ಕುಡಿಯಲು ಹೋಗಿ ಬರುವಷ್ಟರಲ್ಲಿ ಯಾರೋ ಬಂದು, ಎರಡು ಮೋಸಂಬಿ ಸುಲಿದು ತೊಳೆ ಬಿಡಿಸಿ ತಿನ್ನಿಸಿ, ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿಟ್ಟು ಹೋಗಿದ್ದರು. ಯಾರೆಂದು ನರ್ಸಮ್ಮನನ್ನು ಕೇಳಿದೆ. ಮೀಸೆ ಇಲ್ಲದವರು, ಕಾಫಿ ಚೆನ್ನಾಗಿಲ್ಲ ಎಂದು ಬೈದು ಹೋದರು ಅಂದಳು. ಆ ಕಾಗದದಲ್ಲಿ ನಿನ್ನ ಅಂಕಣವಿತ್ತು. ಕಡೆಗೂ ಒಂದು ಉಪಯೋಗಕ್ಕೆ ಬಂತು.

ಅಪ್ಪ ಮನೆಗೆ ಬಂದ ಮಾರನೇ ದಿನವೇ ಪ್ರಾಕ್ಟೀಸ್ ನೋಡಬೇಕೆಂದು ಹಟ ಹಿಡಿದ. ವರಾಂಡಕ್ಕೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ಮಮತ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು, ಅಲ್ಲಿಗೆ ನಿಲ್ಲಿಸಿದೆವು. ಮುಂದಿನದು ಯಾಕೆ ಆಡುವುದಿಲ್ಲ ಎಂದು ಅಪ್ಪ ಕೇಳಿದ. ನಾನು ಮಾತು ತೇಲಿಸಿದೆ. ಪಿಳ್ಳಣ್ಣ ಬಾಯಿಬಿಟ್ಟ. ಷರತ್ತು, ಮೈದಾ, ಎಲ್ಲ ಹೇಳಿಬಿಟ್ಟ.

ಅಪ್ಪ ಕೋಲನ್ನು ಕುರ್ಚಿಗೆ ಒರಗಿಸಿದ. ಆಮೇಲೆ ಅಂದದ್ದು ಹೀಗೆ: “ನಾನು ಹೋದ ದಿನ ತೆಗೀತೀಯ. ಊರೆಲ್ಲ ನೋಡ್ತದೆ, ನೆಂಟ್ರೆಲ್ಲ ನೋಡ್ತಾರೆ. ಹೆತ್ತೋನು ನಾನೊಬ್ನೇ ನೋಡಲ್ಲ. ಹದಿನೆಂಟು ವರ್ಷಕ್ಕೆ ಬಂದಿದ್ದು ನಿಂಗೆ ಅದು. ಅದರ ಕೆಳ್ಗೆ ಮೂತಿ ಹೆಂಗೈತೆ ಅಂತ್ಲೇ ಮರ್ತೋಗೈತೆ. ತೆಗಿ ಕಣ್ಲಾ. ನೋಡ್ಬಿಟ್ಟೇ ಹೋಗ್ತೀನಿ.”

ಅಮ್ಮ ಕದಿರಮ್ಮ ಆವತ್ತಿನಿಂದ ನಮ್ಮಿಬ್ಬರ ಜೊತೆಗೂ ಮಾತಾಡುತ್ತಿಲ್ಲ. ಅಪಶಕುನವಂತೆ. ಅಪ್ಪ ಕೇಳುವುದಿಲ್ಲ.

ಇಪ್ಪತ್ತನಾಲ್ಕು, ಭಾನುವಾರ, ಸಂಜೆ ಐದಕ್ಕೆ. ನಿನ್ನ ಷರತ್ತು ನಡೆಯುತ್ತದೆ. ಬಂದು ನೋಡುವ ಧೈರ್ಯ ಇದ್ದರೆ ಬಾ.

ಮೂರ್ತಿ


ಹೊಸಕೋಟೆ
27 ನವೆಂಬರ್ 2024

ಮೂರ್ತಿಗೆ,

ಬಂದಿದ್ದೆ. ಕೊನೆಯ ಸಾಲಿನಲ್ಲಿ, ಧ್ವನಿವರ್ಧಕದ ಕಂಬಕ್ಕೆ ಒರಗಿ ಕೂತಿದ್ದೆ. ಈಗ ವಿಮರ್ಶೆ ಕೇಳು.

ಎರಡು ಗಂಟೆಯ ನಾಟಕಕ್ಕೆ ನಿಮ್ಮ ಜನ ಚಾಪೆ, ಕಂಬಳಿ, ಬುತ್ತಿ ಕಟ್ಟಿಕೊಂಡು ಬಂದಿದ್ದರು. ನನ್ನ ಪಕ್ಕದ ಅಜ್ಜಿ ಮೊದಲ ಅಂಕದಲ್ಲೇ ಮಲಗಿದಳು. ರಾಜ ಬರುವುದು ನಡುರಾತ್ರಿ, ಆಗ ಎಬ್ಬಿಸು ಎಂದು ನನಗೆ ಹೇಳಿದಳು. ಪಟೇಲ ಸಾಲ ಕೊಟ್ಟವನಿಗೆ ಹೆದರಿ ಮಂಚದ ಕೆಳಗೆ ಅಡಗುವ ಜಾಗ ನನ್ನ ಪ್ರಕಾರ ನಾಟಕದ ಶಿಖರ. ಅಷ್ಟರಲ್ಲಿ ನಿನ್ನ ಭಾವಮೈದುನ ಹಾರ ಹಿಡಿದು ಮೆಟ್ಟಿಲು ಹತ್ತಿದ. ನೀನು ಮಂಚದ ಕೆಳಗಿನಿಂದ ತೆವಳಿ ಬಂದು, ಹಾರ ಹಾಕಿಸಿಕೊಂಡು, ಫೋಟೋಕ್ಕೆ ನಿಂತು, ಕೈ ಮುಗಿದು, ಮತ್ತೆ ತೆವಳಿ ಹೋಗಿ ಅಡಗಿದೆ. ಸಾಲ ಕೊಟ್ಟವನ ಪಾತ್ರಧಾರಿ ಅಷ್ಟು ಹೊತ್ತೂ ಸೂರು ನೋಡುತ್ತಾ ನಿಂತಿದ್ದ. ಬೈರೇಶನ ಟೀಗೆ ಧ್ವನಿವರ್ಧಕ ಕಿರುಚಿತು.

ಇಷ್ಟಾದರೂ ಒಬ್ಬನೂ ನಗಲಿಲ್ಲ. ಒಂದೂವರೆ ಗಂಟೆ ಜನ ಕೈಕಟ್ಟಿ ಕೂತಿದ್ದರು. ರಂಗದ ಮೇಲೆ ನಿನಗೆ ಕಷ್ಟ ಬಂದರೆ ಕಣ್ಣೊರೆಸಿಕೊಂಡು ಅಭ್ಯಾಸವಾದವರು, ಪಟೇಲ ಸುಳ್ಳು ಹೇಳಿ ಸಿಕ್ಕಿಬಿದ್ದಾಗಲೂ ಅಯ್ಯೋ ಪಾಪ ಎಂದರು. ನಲವತ್ತು ಪುಟ ಬರೆದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಕೂತಿದ್ದೆ.

ಆಮೇಲೆ ಸ್ಟೂಲು ಬಂತು. ಮಮತ ನೊರೆ ಹಚ್ಚಿ ಕತ್ತಿ ಎಳೆದಳು. ಎಡಗಡೆ ಹೋಯಿತು. ಬಲಗಡೆ ಹೋಯಿತು. ಟವೆಲಿನಿಂದ ಮುಖ ಒರೆಸಿ ನಿನ್ನನ್ನು ಜನರ ಕಡೆ ತಿರುಗಿಸಿದಳು. ಮೂರನೆಯ ಸಾಲಿನಿಂದ ಒಬ್ಬಾಕೆ, “ಅಯ್ಯೋ ಚಿಕ್ಕಬೀರಪ್ಪಣ್ಣೋ” ಎಂದು ರಾಗ ತೆಗೆದಳು. ಅಷ್ಟೇ ಸಾಕಾಯಿತು. ಹೆಂಗಸರ ಕಡೆಯೆಲ್ಲ ಗೋಳು ಎದ್ದಿತು, ಗಂಡಸರು ಚಪ್ಪಲಿ ಬಿಟ್ಟು ನಿಂತರು. ನನ್ನ ಮುಂದಿದ್ದವನು ಮಾಲೂರಿಗೆ ಫೋನು ಮಾಡಿ, ಹೋಗಿಬಿಟ್ಟರಂತೆ, ಸಿಕ್ಕಿದ ಬಸ್ಸು ಹತ್ತಿ ಎಂದ. ನಾನು ಅಡುಗೆ ಮನೆಗೆ ಅಟ್ಟಿದ್ದ ಹಾರ್ಮೋನಿಯಂ ಅನ್ನು ಪಿಳ್ಳಣ್ಣ ಎಲ್ಲಿ ಬಚ್ಚಿಟ್ಟಿದ್ದನೋ, ಶೋಕದ ರಾಗ ಶುರು ಮಾಡಿದ.

ಆಗ ಮೊದಲ ಸಾಲಿನಲ್ಲಿ ಒಂದು ಕೋಲು ಮೇಲೆ ಬಂತು, ಅದರ ಹಿಂದೆ ನಿಮ್ಮಪ್ಪ.

“ಯಾರ್ಲಾ ಅದು ಅಳ್ತಿರೋದು? ನಾನಿನ್ನೂ ಇದೀನಿ. ಕೂತ್ಕಳ್ರೋ, ನಾಟ್ಕ ಮುಗ್ದಿಲ್ಲ.”

ಜನ ಕೂತರು. ಮುದುಕ ಕೂರಲಿಲ್ಲ. ರಂಗದ ಅಂಚಿನ ತನಕ ನಡೆದು, ಕತ್ತು ಎತ್ತಿ, ನಿನ್ನ ಮುಖವನ್ನು ಮಾರುಕಟ್ಟೆಯಲ್ಲಿ ಬದನೆಕಾಯಿ ನೋಡಿದಂತೆ ಆ ಕಡೆಯಿಂದ ಈ ಕಡೆಯಿಂದ ನೋಡಿದ. ಆಮೇಲೆ ಹಿಂದಕ್ಕೆ ತಿರುಗಿ ಹೆಂಡತಿಯನ್ನು ಕೂಗಿದ.

“ಏ ಕದಿರಮ್ಮಾ, ಬಾ ಇಲ್ಲಿ. ಥೇಟ್ ನಿನ್ ಮೂತೀನೇ ಕಣೇ. ಇಷ್ಟ್ ವರ್ಷ ಇದ್ನ ಮೀಸೇಲಿ ಮುಚ್ಕೊಂಡಿದ್ನಲ್ಲಾ.”

ಕದಿರಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಅಲ್ಲಿಂದ ಶುರುವಾದ ನಗು ಹೈಸ್ಕೂಲಿನ ಕಾಂಪೌಂಡು ದಾಟಿ ಹೋಯಿತು. ಅಳುತ್ತಿದ್ದವರೇ ಹೆಚ್ಚು ನಕ್ಕರು. ಮಲಗಿದ್ದ ಅಜ್ಜಿ ಎದ್ದು ರಾಜ ಬಂದನಾ ಎಂದಳು, ಬಂದ ಎಂದೆ.

ನಾನು ಬರೆದದ್ದಕ್ಕೆ ಯಾರೂ ನಗಲಿಲ್ಲ, ನಾನು ಬರೆಯದ ಎರಡು ಮಾತಿಗೆ ಊರೇ ನಕ್ಕಿತು. ಇದು ನಾಟಕಕಾರನಿಗೆ ನಿಮ್ಮ ಮಂಡಳಿ ಸಲ್ಲಿಸಿದ ಗೌರವ. ನಿಮ್ಮ ನಟನೆ ಕಳಪೆ, ಬೆಳಕು ಕಳಪೆ, ಕೊಟ್ಟ ಉಪ್ಪಿಟ್ಟು ಕಳಪೆ.

ಇನ್ನೊಂದು ಮಾತು. ನಮ್ಮಪ್ಪನ ಅಂಗಳದಲ್ಲಿ ಮಕ್ಕಳು ಮೊದಲು ನಕ್ಕರು ಎಂದು ಬರೆದಿದ್ದೆ. ಅದು ಸುಳ್ಳು. ನೀನು ಗದೆ ಹಿಡಿದು ಟೆಂಪೊ ಇಳಿದಾಗ ಮೊದಲು ನಕ್ಕವನು ನಾನು. ನನ್ನನ್ನು ನೋಡಿ ಮಕ್ಕಳು ನಕ್ಕರು. ಒಂಬತ್ತು ವರ್ಷ ಅದನ್ನು ನಿನ್ನ ತಲೆಗೆ ಕಟ್ಟಿದ್ದೆ.

ವೇಣು


ಅನುಗೊಂಡನಹಳ್ಳಿ
6 ಜನವರಿ 2025

ವೇಣು,

ವಿಮರ್ಶೆ ಓದಿದೆವು. ಉಪ್ಪಿಟ್ಟಿನ ಬಗ್ಗೆ ಬರೆದದ್ದನ್ನು ಮಾತ್ರ ಎಲ್ಲರೂ ಒಪ್ಪಿದರು.

ನಾಟಕದ ಮಾರನೇ ದಿನ ಮಾಲೂರಿನಿಂದ ಎರಡು ಬ್ಯಾಚು, ಸೂಲಿಬೆಲೆಯಿಂದ ಒಂದು ಬ್ಯಾಚು ನೆಂಟರು ಹಾರ ಸಮೇತ ಬಂದಿಳಿದರು. ಅಪ್ಪ ಜಗಲಿಯ ಮೇಲೆ ಕೂತು ಒಬ್ಬೊಬ್ಬರಿಗೂ ಕತ್ತು ಬಗ್ಗಿಸಿ ಹಾಕಿಸಿಕೊಂಡ. ತಂದಿದ್ದು ತಂದಿದ್ದೀರಿ, ಹಾಕದೆ ಹೋದರೆ ಹೂವು ದಂಡ ಅಂದ. ಆಮೇಲೆ ಎಲ್ಲರಿಗೂ ಊಟ ಹಾಕಿಸಿ, ಇನ್ನೊಂದು ಸಲ ನಿಜವಾಗಿ ಕರೆದಾಗ ಬರದೆ ಇದ್ದೀರಿ, ಜೋಕೆ ಎಂದು ಕಳಿಸಿದ. ಅಮ್ಮ ನನ್ನ ಜೊತೆ ಮಾತು ಬಿಟ್ಟವಳು ಈಗ ನಿಲ್ಲಿಸುತ್ತಲೇ ಇಲ್ಲ.

ಡಿಸೆಂಬರಿನಲ್ಲಿ ಅಪ್ಪನನ್ನು ಇನ್ನೊಂದು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಮನೆಯಲ್ಲೇ ಇಟ್ಟುಕೊಳ್ಳಿ, ಕೇಳಿದ್ದನ್ನು ಕೊಡಿ ಅಂದರು. ಏನು ಬೇಕಪ್ಪಾ ಎಂದು ಕೇಳಿದೆ. “ಒನ್ಸ್ ಮೋರ್” ಅಂದ. ಅದೇ ನಾಟಕ, ಅದೇ ಜಾಗ, ಮೊದಲಿಂದ. ಆದರೆ ಬೋಳಿಸಲು ಮೀಸೆ ಬೇಕಲ್ಲ. ದಿನಾ ಬೆಳಿಗ್ಗೆ ನನ್ನನ್ನು ಮಂಚದ ಹತ್ತಿರ ಕರೆದು, ಹೆಬ್ಬೆರಳಿನಿಂದ ತುಟಿಯ ಮೇಲೆ ಸವರಿ ನೋಡುತ್ತಾನೆ. ಇನ್ನೂ ಸಾಲದು ಅನ್ನುತ್ತಾನೆ. ಆರು ವಾರವಾಯಿತು, ಹುಡುಗರ ಮೀಸೆಯಷ್ಟು ಬಂದಿದೆ. ಪಟೇಲನಿಗೆ ಅದು ಸಾಲದು, ನನಗೂ ಗೊತ್ತು.

ಮೊನ್ನೆ ಸುಮ್ಮನೆ ನಿನ್ನ ನಂಬರು ಒತ್ತಿದೆ. ರಿಂಗ್ ಆಯಿತು. ನೀನು ಎತ್ತಲಿಲ್ಲ, ಆದರೂ ರಿಂಗ್ ಆಯಿತು.

ಕಾಗದದ ಕೊನೆಯಲ್ಲಿ ನೀನು ಬರೆದ ಮಾತನ್ನೂ ಓದಿದೆ. ನೀನು ನಕ್ಕದ್ದನ್ನು ನಾನು ಆವತ್ತೇ ನೋಡಿದ್ದೆ.

ಒಂದು ಕೆಲಸ ಮಾಡು. ನಿಮ್ಮ ಮನೆಯ ಹಿಂದಿನ ಬೀದಿಯಲ್ಲಿ ಗಾಣದ ಹರಳೆಣ್ಣೆ ಸಿಗುತ್ತದಂತೆ. ರಾತ್ರಿ ಹಚ್ಚಿಕೊಂಡು ಮಲಗಿದರೆ ಮೀಸೆ ಬೇಗ ಬರುತ್ತದೆ ಎಂದು ಪಿಳ್ಳಣ್ಣ ಹೇಳುತ್ತಾನೆ. ಅವನ ಮಾತಿಗೆ ಎಷ್ಟು ಬೆಲೆಯೆಂದು ನಿನಗೂ ಗೊತ್ತು, ಆದರೂ ಕಾಲು ಲೀಟರ್ ಕೊಂಡು, ಮುಚ್ಚಳ ಬಿಗಿಮಾಡಿ, ಮಮತ ಶಿಫ್ಟ್ ಮುಗಿಸಿ ಬರುವಾಗ ಅವಳ ಕೈಗೆ ಕೊಡು. ಈ ವಾರವೇ ಕೊಡು.

ನಿನ್ನ,
ಮೂರ್ತಿ